ಮಾವನ ಬೂಟು

ಗಡಹಿಂಗ್ಲಜದ ಶ್ರದ್ಧಾಂಜಲಿ ಸಭೆಯಲ್ಲಿ ಮಾವನ ಫೋಟೋದ ಮುಂದೆ ಅವನ ಬೂಟುಗಳನ್ನು ಮಗ ಅಜಿತ ಪಾಲಿಶ್ ಮಾಡಿ ಇಟ್ಟಿದ್ದಾನೆ. ಆ ಪಾಲಿಶ್ ವಾಸನೆ ಮೂಗಿಗೆ ಬಡಿಯುತ್ತಿದೆ.

ನಾವೆಲ್ಲ ಚಿಕ್ಕವರಿದ್ದಾಗ ಒಮ್ಮೆ, ನೌಕಾಪಡೆಯ ಅಧಿಕಾರಿಯಾಗಿದ್ದ ಮಾವ ರಜೆಗೆ ನಮ್ಮೂರು ನೂಲಕ್ಕೆ ಬಂದಿದ್ದ. ಮಧ್ಯಾಹ್ನ ಊರವರೆಲ್ಲ ಅವನ ಹಿಂದೆಯೇ ಬಾವಿಗೆ ಬಂದರು. ಈಜು ಬಾರದ ಅಜಿತ ತೇಲಲೆಂದು ಅವನ ಬೆನ್ನಿಗೆ ನಾವು ಕಟ್ಟಿದ್ದ ಬೆಂಡನ್ನು ಮಾವ ಬಿಚ್ಚಿ ಎಸೆದ.

"ನೇವಿಯವನ ಮಗಗ ಬೆಂಡ ಯಾಕ ಬೇಕ?" ಎಂದು ಅವನನ್ನು ನೀರಿಗೆ ತಳ್ಳಿದ.

ಅಜಿತ ಮುಳುಗಿದ, ಎದ್ದ, ಮತ್ತೆ ಮುಳುಗಿದ. ಅತ್ತೆ ಟವೆಲ್ ಹಿಡಿದು ಮೆಟ್ಟಿಲ ಮೇಲೆ ನಿಂತೇ ಇದ್ದಳು.

"ಶಿಸ್ತ ಅಂದ್ರ ಹಿಂಗಿರಬೇಕ ನೋಡ್ರಿ," ಎಂದು ಪಾಟೀಲ ಕಾಕಾ ತಲೆದೂಗಿದರು.

ಹೇಗೋ ಮೇಲೆ ತೆವಳಿ ಬಂದ ಅಜಿತ ಮಾವನ ಬೂಟಿನ ಮೇಲೆಯೇ ನೀರು ಕಾರಿದ.

"ಹೆದರಿದೇನಲೇ?"

"ಇಲ್ರಿ, ಸರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಅತ್ತೆಯಿಂದ ಟವೆಲ್ ಇಸಿದುಕೊಂಡು ಮಗನಿಗೆ ಕೊಟ್ಟ. ತಲೆ ಒರೆಸಿಕೊಳ್ಳಹೋದ ಅಜಿತನ ಮುಂದೆ ಬೂಟುಗಾಲು ಚಾಚಿದ.

"ಮೊದಲ ಇದನ್ನ."