ಕಳೆದುಹೋದ ಕಾರ್ಡು

"ಈ ಸಹಿ ನಂದಲ್ಲ ಅಂತ ಬರಿ," ಎಂದರು ಮ್ಯಾನೇಜರು.

ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಅವಳು ಅವರ ಕಂಪ್ಯೂಟರಿನ ಮುಂದೆ, ಅವರದೇ ಕುರ್ಚಿಯಲ್ಲಿ ಕೂತಿದ್ದಳು. ಪರದೆಯ ಮೇಲೆ ವಿಚಾರಣಾಧಿಕಾರಿಯ ಪತ್ರ ತೆರೆದಿತ್ತು. ಕೋಲ್ಡ್ ಸ್ಟೋರೇಜಿನ ಅಮೋನಿಯಾ ಕೊಳವೆ ಒಡೆದದ್ದು ಶುಕ್ರವಾರ ಮಧ್ಯಾಹ್ನ. ಅಂದು ಬೆಳಿಗ್ಗೆಯೇ ಫಿಟ್ಟರು, ವಾಲ್ವು ಸೋರುತ್ತಿದೆ, ಯಂತ್ರ ನಿಲ್ಲಿಸಲೇ ಎಂದು ಮೇಲ್ ಕಳಿಸಿ ಕೇಳಿದ್ದರು. 'ನಿಲ್ಲಿಸಬೇಡ, ಸೋಮವಾರ ನೋಡೋಣ' ಎಂದು ಹನ್ನೊಂದೂ ಇಪ್ಪತ್ತಕ್ಕೆ ಉತ್ತರ ಹೋಗಿತ್ತು, ಮ್ಯಾನೇಜರ ಡಿಜಿಟಲ್ ಸಹಿಯೊಂದಿಗೆ. ಈಗ ಫಿಟ್ಟರು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರು. ಯಾರನ್ನೂ ಕೇಳದೆ ಯಂತ್ರ ಓಡಿಸಿದವನು ಅವನೇ ಎಂದು ಮ್ಯಾನೇಜರು ಹೇಳಿಕೆ ಕೊಟ್ಟಾಗಿತ್ತು. ಹಾಗಾದರೆ ಫಿಟ್ಟರ ಮೇಲ್‌ನಲ್ಲಿ ಸಿಕ್ಕ ಈ ಉತ್ತರ ಬರೆದವರು ಯಾರು, ಇಂದು ನಾಲ್ಕು ಗಂಟೆಯೊಳಗೆ ತಿಳಿಸಿ ಎಂದಿದ್ದರು ಅಧಿಕಾರಿ. ಗೋಡೆಯ ಗಡಿಯಾರದಲ್ಲಿ ಮೂರೂವರೆ.

"ಸುಮ್ನೆ ನಂದಲ್ಲ ಅಂದ್ರೆ ನಿಲ್ಲಲ್ಲ ಸಾರ್. ನಿಮ್ಮ ಕಾರ್ಡು ಕಂಪ್ಯೂಟರಿಗೆ ಹಾಕಿ, ನಿಮಗಷ್ಟೇ ಗೊತ್ತಿರೋ ನಂಬರು ಒತ್ತಿದ್ರೇನೆ ಆ ಸಹಿ ಬೀಳೋದು."

"ಅದನ್ನ ಮಾಡಿಕೊಟ್ಟೋಳು ನೀನೇ ತಾನೆ? ಕಟ್ಟಿದೋಳಿಗೆ ಬಿಚ್ಚೋದು ಗೊತ್ತಿರಲ್ವಾ?"

ಮಾಡಿಕೊಟ್ಟವಳು ಅವಳೇ. ಹೋದ ವರ್ಷ ಯಾರೋ ಮ್ಯಾನೇಜರ ಹೆಸರಿನಲ್ಲಿ ಎಲ್ಲರಿಗೂ ರಜೆ ಕೊಟ್ಟು ಮೇಲ್ ಕಳಿಸಿದ್ದರು. ನಿಜವೆಂದು ನಂಬಿ ಅರ್ಧ ಜನ ಮನೆಗೆ ಹೋಗಿಬಿಟ್ಟಿದ್ದರು. ಆಮೇಲೆ ಮ್ಯಾನೇಜರು ಅವಳ ಬೆನ್ನುಬಿದ್ದು ಎಲ್ಲರ ಮೇಲ್ ವ್ಯವಸ್ಥೆಯನ್ನೂ ಬದಲಾಯಿಸಿದರು. ಪತ್ರಕ್ಕೆ ಬೀಗವಿರಬೇಕು, ಯಾರಿಗೆ ಬರೆದದ್ದೋ ಅವರಷ್ಟೇ ತೆರೆಯಬೇಕು. ಸಹಿಯಿಲ್ಲದೆ ಒಂದು ಸಾಲೂ ಹೊರಗೆ ಹೋಗಕೂಡದು. ಫಿಟ್ಟರಿಗೆ ಅದನ್ನು ಕಲಿಸಲು ಅವಳಿಗೆ ಮೂರು ದಿನ ಹಿಡಿದಿತ್ತು. "ಈ ಕೈ ಸ್ಪ್ಯಾನರಿಗೇ ಹುಟ್ಟಿದ್ದು ಕಣಮ್ಮ ತಂಗಿ," ಎನ್ನುತ್ತಲೇ ಕಲಿತಿದ್ದರು.

"ಕಾರ್ಡು ಕಳೆದುಹೋಗಿತ್ತು ಅಂತ ಬರೆದ್ರೆ?"

ಇದ್ದದ್ದು ಅದೊಂದೇ ದಾರಿ. ಅದನ್ನು ಅವರೇ ಹುಡುಕಿಕೊಂಡಿದ್ದರು.

"ಬರೀಬಹುದು. ಕಳೆದ ಹೊತ್ತಿನಿಂದ ಈಚೆಗಿನ ಯಾವ ಸಹೀನೂ ನಿಮ್ಮದಲ್ಲ ಅಂತಾಗುತ್ತೆ."

"ಅಷ್ಟಾದ್ರೆ ಸಾಕು. ಶುಕ್ರವಾರ ಬೆಳಿಗ್ಗೆ ಕಳೀತು, ಇವತ್ತಿನವರೆಗೂ ಸಿಕ್ಕಿಲ್ಲ. ಫಿಟ್ಟರ ಕೈಗೇ ಸಿಕ್ಕಿರಬೇಕು ಅಂತ ಅನುಮಾನ. ಬರಿ."

"ನಂಬರು ಅವರಿಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾರೆ."

"ಕಾರ್ಡಿನ ಹಿಂದೆ ಬರೆದಿಟ್ಟಿದ್ದೆ ಅನ್ನು. ವಯಸ್ಸಾಯ್ತು, ಮರೆವು. ಯಾರಿಗಿಲ್ಲ?"

"ಕಣ್ಣು ಕಳಕೊಂಡಿರೋ ಮನುಷ್ಯನ ಮೇಲೆ ಕಳ್ಳತನ ಬೇರೆ ಹೊರಿಸಬೇಕಾ ಸಾರ್?"

"ಕಳಕೊಂಡಿಲ್ಲ. ಡಾಕ್ಟರೇ ಇನ್ನೂ ಏನೂ ಹೇಳಿಲ್ಲ, ನೀನ್ಯಾಕೆ ತೀರ್ಮಾನ ಮಾಡ್ತೀಯ? ನಿನ್ನನ್ನ ಖಾಯಂ ಮಾಡೋ ಆರ್ಡರು ಇನ್ನೂ ನನ್ನ ಮೇಜಿನ ಮೇಲೇ ಇದೆ, ನೆನಪಿರ್ಲಿ."

ಗಾಜಿನ ಬಾಗಿಲಾಚೆ, ಬೆಂಚಿನ ತುದಿಯಲ್ಲಿ, ಫಿಟ್ಟರ ಹೆಂಡತಿ ಕೂತಿದ್ದಳು. ಬೆಳಿಗ್ಗೆ ಆಕೆ ಇವಳ ಕೈಹಿಡಿದು ಹೇಳಿದ್ದಳು: "ಕೇಳದೆ ಓಡಿಸಿದ್ರು ಅಂತಾರಲ್ಲಮ್ಮ. ನಮ್ಮನೆಯವರು ಫ್ಯಾನ್ ಹಾಕ್ಬೇಕಾದ್ರೂ ಹಾಕ್ಲೇನೇ ಅಂತ ನನ್ನ ಕೇಳೋರು."

ಅವಳು ಟೈಪ್ ಮಾಡಿದಳು. ಬರೆದದ್ದನ್ನು ಓದಿ ಹೇಳಿದಳು. 'ನಡೆದ ಅಪಘಾತಕ್ಕೆ ವಿಷಾದವಿದೆ' ಎಂಬಲ್ಲಿ ಮ್ಯಾನೇಜರು ಕೈಯೆತ್ತಿ ತಡೆದು, 'ತೀವ್ರ ವಿಷಾದ' ಎಂದು ತಿದ್ದಿಸಿದರು.

ಮೂರೂ ಐವತ್ತನಾಲ್ಕು. ಅವಳ ಕಣ್ಣು ಪತ್ರದ ಕೆಳಗಿನ ಅಂಚಿಗೆ ಇಳಿದು ಅಲ್ಲೇ ನಿಂತಿತು. ಒಂದು ಸಣ್ಣ ಚೌಕ, ಅದರೊಳಗೊಂದು ಗೀಟು, ಪಕ್ಕದಲ್ಲಿ 'ಸಹಿ'. ಎಲ್ಲ ಪತ್ರಕ್ಕೂ ತಾನಾಗಿ ಬೀಳುವಂತೆ ಆ ಗೀಟನ್ನು ಇಟ್ಟವಳು ಅವಳು. ಒಮ್ಮೆ ಒತ್ತಿ ತೆಗೆದರೆ ಪತ್ರ ಸಹಿಯಿಲ್ಲದೆ ಹೋಗುತ್ತದೆ. ಮ್ಯಾನೇಜರು ಒಂದು ವರ್ಷದಲ್ಲಿ ಒಮ್ಮೆಯೂ ಆ ಮೂಲೆಯನ್ನು ನೋಡಿದವರಲ್ಲ. ಸಾರ್, ಎಂದು ಬಾಯಿ ತೆರೆದರೆ ಸಾಕಿತ್ತು. ಅವಳು ಕುರ್ಚಿ ಬಿಟ್ಟು ಎದ್ದಳು.

"ನಿಮ್ಮ ಮೇಲ್ ಸಾರ್. ನೀವೇ ಒತ್ತಿಬಿಡಿ."

ಅವರು ಅವಳನ್ನು ಒಂದು ಕ್ಷಣ ದಿಟ್ಟಿಸಿದರು. ಅಷ್ಟರಲ್ಲಿ ಫೋನು ಬಂತು. ಮಾಲೀಕರು. ಮ್ಯಾನೇಜರು ಅದನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಕೂತರು. "ಹೌದು ಸಾರ್... ಇಲ್ಲ ಇಲ್ಲ, ನಮ್ಮ ತಪ್ಪೇನಿಲ್ಲ... ಈಗ ಹೋಗ್ತಾ ಇದೆ ನೋಡಿ," ಎನ್ನುತ್ತ ಒತ್ತಿದರು. ಪತ್ರ ಹೋಗಲಿಲ್ಲ. ಪರದೆಯ ನಡುವೆ, ಸಹಿಗೆ ಕಾರ್ಡು ಹಾಕಿ ಎನ್ನುವ ಒಂದು ಪೆಟ್ಟಿಗೆ ತೆರೆದುಕೊಂಡಿತು.

ಬಾಗಿಲಾಚೆ ಫಿಟ್ಟರ ಹೆಂಡತಿ ಎದ್ದು ನಿಂತು ಗಾಜಿಗೆ ಮುಖ ತಂದಳು.

ಮ್ಯಾನೇಜರ ಬಲಗೈ ಅಂಗಿಯ ಜೇಬಿಗೆ ಹೋಯಿತು. ಮಾತು ನಿಲ್ಲಿಸದೆ, ನೋಡದೆ, ದಿನವೂ ಮಾಡುವಂತೆಯೇ ಕಾರ್ಡನ್ನು ತೆಗೆದು ಸೀಳಿಗೆ ತೂರಿಸಿದರು. ಆಮೇಲೆ ಅವಳು ಪಕ್ಕದಲ್ಲಿರುವುದು ನೆನಪಾಗಿ, ಎಡಗೈಯನ್ನು ಕೀಲಿಮಣೆಗೆ ಮರೆಹಿಡಿದು ನಾಲ್ಕು ಅಂಕೆ ಒತ್ತಿದರು.

ಫೋನಿಟ್ಟರು. ಕಾರ್ಡನ್ನು ಎಳೆದು, ಅಂಗಿಯ ಅಂಚಿಗೆ ಒರೆಸಿ, ಜೋಪಾನವಾಗಿ ಜೇಬಿಗಿಳಿಸಿದರು.

"ಹೋಯ್ತಾ?"

"ಹೋಯ್ತು ಸಾರ್," ಎಂದಳು ಅವಳು. "ಮೂರೂ ಐವತ್ತಾರಕ್ಕೆ. ನಿಮ್ಮ ಸಹಿ ಸಮೇತ."