ಐದು ಕೆಜಿ ಗಂಡ

ತಿಂಗಳು ತುಂಬಿದ ಸೊಸೆಗೆ ಕೂತಲ್ಲಿ ನಿಂತಲ್ಲಿ ಒಂದೇ ಚಿಂತೆ. ಹೊಟ್ಟೆ ನೋಡಿದರೆ ಬೂದುಗುಂಬಳಕಾಯಿ, ಅದರ ಮೇಲೆ ಅತ್ತೆಯ ಜಂಬ ಬೇರೆ.

"ನನ್ನ ಮಗ ಹುಟ್ಟಿದಾಗ್ಲೇ ಐದು ಕೆಜಿ ಕಣೇ! ಅಂಗಡಿ ತಕ್ಕಡಿ ಮನೆಗೇ ತರಿಸಿ, ಮೊರದಲ್ಲಿ ಮಲಗ್ಸಿ ತೂಗಿದ್ದು. ಅಪ್ಪನ ಹಂಗೇ ತಾನೆ ಮಗು?"

ಐದು ಕೆಜಿ ಕೂಸನ್ನು ಹೆರುವುದು ಹೇಗೆಂದು ನೆನೆದರೆ ಸೊಸೆ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು. ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುವ ಗಂಡನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಆ ಗಂಡ ಹುಟ್ಟುವಾಗ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಅಜ್ಜಿ ಒಂದು ದಿನ ಬಸುರಿಯನ್ನು ನೋಡಲು ಬಂದಳು. ಅತ್ತೆ ಕಾಫಿ ಕಾಸಲು ಒಳಗೆ ಹೋದದ್ದೇ ತಡ, ಸೊಸೆ ಅಜ್ಜಿಯ ಕೈ ಹಿಡಿದುಕೊಂಡಳು.

"ಅಜ್ಜೀ, ಅಷ್ಟು ದಪ್ಪ ಕೂಸನ್ನ ನಮ್ಮತ್ತೆ ಹೆಂಗೆ ಹೆತ್ರು? ನನ್ನ ಕೈಲಂತೂ ಆಗಲ್ಲ."

"ಹೂವೆತ್ತಿದಂಗೆ ಹೆತ್ಲು. ನಾನು ಸೆರಗು ಸೊಂಟಕ್ಕೆ ಸಿಗಿಸೋದ್ರೊಳಗೆ ಕೂಸು ಕೈಗೆ ಬಂದಿತ್ತು."

"ಐದು ಕೆಜಿ ಕೂಸಾ?"

ಅಜ್ಜಿ ಅಡುಗೆಮನೆಯ ಕಡೆ ಇಣುಕಿ ನೋಡಿ ದನಿ ತಗ್ಗಿಸಿದಳು.

"ತಕ್ಕಡಿ ಹಿಡಿದೋಳು ನಾನೇ ಕಣವ್ವ. ಐದು ಕೆಜಿ ಅಂದದ್ದೇ ತಡ, ನಿನ್ನ ಮಾವ ಕುಣಿದಾಡಿ ನಂಗೆ ರೇಷ್ಮೆ ಸೀರೆ ಉಡಿಸಿಬಿಟ್ರು."

"ಆಮೇಲೆ?"

"ಆಮೇಲೆ ಇನ್ಯಾವ ಬಾಯಲ್ಲಿ ಹೇಳ್ಲಿ, ಶಾಸ್ತ್ರಕ್ಕೆ ಅಂತ ಮೊರದಲ್ಲಿ ಕೂಸಿನ ಕೆಳಗೆ ಹರವಿದ್ದ ಅಕ್ಕೀನೇ ಎರಡು ಕೆಜಿ ಇತ್ತು ಅಂತ?"