ಬಳೆ ಅಂಗಡಿ ಮುಂದಿನ ಕಲ್ಲು

ಎಲ್ಲರನ್ನೂ ಮಂಗನಂತೆ ಅಣಕಿಸುತ್ತಿದ್ದ ಹುಡುಗ ನಾನು, ಒಮ್ಮೆ ಕಲ್ಲನ್ನೂ ಬಿಡಲಿಲ್ಲ. ಕಾದ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಈಗಲೂ ತಲೆ ತಾನಾಗಿ ತಗ್ಗುತ್ತದೆ.

ಬಾದಾಮಿ ಪೇಟೆಯಲ್ಲಿ ಗಂಗವ್ವಜ್ಜಿಯ ಬಳೆ ಅಂಗಡಿ ಮುಂದೆ, ಮಂದಿ ನಡೆದಾಡುವ ಹಾದಿಗೆ ಯಾವುದೋ ಹಾಳುಗುಡಿಯ ಕಲ್ಲು ಹಾಸಿದ್ದರು. ಅದರಲ್ಲಿ ಕೈಮುಗಿದು ಬೋರಲು ಮಲಗಿದ ಭಕ್ತನ ಸವೆದ ಚಿತ್ರವಿತ್ತು. ಎಲ್ಲರೂ ನೋಡದೆಯೇ ತುಳಿದು ಹೋಗುತ್ತಿದ್ದರು. ಅಜ್ಜಿ ಮಾತ್ರ ಸುಡುವ ಮಧ್ಯಾಹ್ನವೂ ಚಪ್ಪಲಿ ಬಿಟ್ಟು, "ಶರಣು ಯಪ್ಪಾ" ಎನ್ನುತ್ತ ಬರಿಗಾಲಲ್ಲಿ ಅದರ ಮೇಲೆ ಹಾಯುತ್ತಿದ್ದಳು.

ಒಂದು ದಿನ ನಾನು ಅವಳಂತೆಯೇ ಬೆನ್ನು ಬಾಗಿಸಿ ಕುಣಿದು, ಕಲ್ಲಿನ ಪಕ್ಕ ಬೋರಲು ಬಿದ್ದು, "ಅಜ್ಜೀ, ನನ್ನೂ ತುಳೀಬೇ!" ಎಂದೆ. ಪೇಟೆಯೆಲ್ಲ ನಕ್ಕಿತು.

ಅಜ್ಜಿ ನಗಲಿಲ್ಲ.

"ಭಕ್ತರ ಪಾದದ ಧೂಳಿ ತನ್ನ ಮ್ಯಾಲ ಬೀಳ್ಲಿ ಅಂತ ಅಂವಾ ಮಲಗ್ಯಾನ. ಮಂದಿ ನಗ್ಲಿ ಅಂತ ನೀ ಮಲಗೀದಿ. ಏಳೋ, ಹಾದಿ ಬಿಡು."